ಹೊಸಬರಿಗೆ ಒಂದೊಂದೇ ಆಸನ ಕಲಿಸಿ

ಮಾನ್ಯ ಸಂಪಾದಕರೇ,

ಪ್ರತಿವರ್ಷ ಜೂನ್ 21ರ ಯೋಗ ದಿನ ಹತ್ತಿರವಾದಂತೆ ನಮ್ಮ ಬಡಾವಣೆಯ ಉದ್ಯಾನದಲ್ಲಿ ಹೊಸ ಮುಖಗಳು ಕಾಣಿಸಿಕೊಳ್ಳುತ್ತವೆ. ಬೆಳಗಿನ ಐದೂವರೆಗೇ ಎದ್ದು, ಹೊಸ ಮ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡು, ಈ ಸಲವಾದರೂ ಬಿಡದೆ ಮಾಡಬೇಕೆಂಬ ಸಂಕಲ್ಪದಿಂದ ಬಂದವರು ಅವರು. ಜುಲೈ ಮುಗಿಯುವಷ್ಟರಲ್ಲಿ ಅವರಲ್ಲಿ ಹೆಚ್ಚಿನವರು ಬರುವುದು ನಿಂತಿರುತ್ತದೆ. ಮಳೆ ಎಂದೋ, ಮಕ್ಕಳ ಶಾಲೆ ಎಂದೋ ಕಾರಣ ಹೇಳುತ್ತಾರೆ. ಆರು ವರ್ಷಗಳಿಂದ ಇದನ್ನು ನೋಡುತ್ತಾ ಬಂದಿರುವ ನನಗೆ ಕಾಣುವ ಕಾರಣ ಬೇರೆ. ಮೊದಲ ವಾರದಲ್ಲೇ ಅವರಿಗೆ ಕಲಿಸಿದ್ದು ಅತಿಯಾಯಿತು. ಅದರಲ್ಲಿ ಮನೆಗೆ ಒಯ್ದು, ಯಾರ ನೆರವೂ ಇಲ್ಲದೆ, ತಾವೇ ಮಾಡಿಕೊಳ್ಳಬಹುದಾದದ್ದು ಮಾತ್ರ ಏನೂ ಇರಲಿಲ್ಲ. ಯೋಗ ಕಲಿಸುವವರೂ ಕಲಿಯಬಯಸುವವರೂ ನಿಮ್ಮ ಪತ್ರಿಕೆಯನ್ನು ಓದುತ್ತಾರೆಂಬ ಭರವಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಅಭ್ಯಾಸ ಆರಂಭಿಸಿದ್ದು ಐವತ್ತಾರನೆಯ ವಯಸ್ಸಿನಲ್ಲಿ. ಅಂಚೆ ಕಚೇರಿಯ ಕೌಂಟರಿನ ಹಿಂದೆ ಮೂವತ್ತು ವರ್ಷ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡಿದ ಮೈ. ಸೊಂಟವೂ ತೊಡೆಯ ಹಿಂಭಾಗವೂ ಬಿಗಿದುಹೋಗಿದ್ದವು; ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರೆ ಮಂಡಿಗಳು ನೆಲದಿಂದ ಒಂದು ಗೇಣು ಮೇಲೆಯೇ ನಿಲ್ಲುತ್ತಿದ್ದವು. ಮೊದಲು ಸೇರಿದ್ದು ಹತ್ತು ದಿನಗಳ ಒಂದು ಶಿಬಿರಕ್ಕೆ. ಸುಮಾರು ಮುನ್ನೂರು ಜನ, ವೇದಿಕೆಯ ಮೇಲೆ ಒಬ್ಬ ಶಿಕ್ಷಕರು, ಧ್ವನಿವರ್ಧಕದಲ್ಲಿ ಎಲ್ಲರಿಗೂ ಒಂದೇ ಎಣಿಕೆ. ನಾಲ್ಕನೆಯ ದಿನವೇ ಪದ್ಮಾಸನ. ನನ್ನ ಎಡಮಂಡಿ ಮೇಲೆದ್ದಿರುವುದನ್ನು ಕಂಡ ಸಹಾಯಕರೊಬ್ಬರು ಹಿಂದಿನಿಂದ ಬಂದು ತೊಡೆಯ ಮೇಲೆ ಕೈಯಿಟ್ಟು ಒತ್ತಿದರು. ಮಂಡಿಯ ಒಳಬದಿಯಲ್ಲಿ ಏನೋ ಚಟ್ಟೆಂದಿತು. ಮುಂದಿನ ಮೂರು ತಿಂಗಳು ಕಂಬಿ ಹಿಡಿಯದೆ ಮೆಟ್ಟಿಲಿಳಿಯಲು ನನ್ನಿಂದಾಗಲಿಲ್ಲ.

ಒತ್ತಿದವರಿಗೆ ನನ್ನ ಕೇಡು ಬೇಕಿರಲಿಲ್ಲ. ನೆರವಾಗಬೇಕೆಂದೇ ಅವರು ಹಾಗೆ ಮಾಡಿದರು. ಆದರೆ ಪದ್ಮಾಸನದಲ್ಲಿ ತಿರುಗಬೇಕಾದದ್ದು ತೊಡೆಯ ಬುಡದ ಕೀಲು. ಅದು ತಿರುಗಲು ಒಪ್ಪದಿದ್ದಾಗ ಆ ತಿರುಚೆಲ್ಲ ಮಂಡಿಯ ಮೇಲೆ ಬೀಳುತ್ತದೆ, ಮಂಡಿಯಾದರೋ ಮುಖ್ಯವಾಗಿ ಮಡಚುವುದಕ್ಕೂ ಬಿಚ್ಚುವುದಕ್ಕೂ ಇರುವ ಕೀಲು. ವರ್ಷಗಟ್ಟಲೆ ಕುರ್ಚಿಯಲ್ಲಿ ಕುಳಿತವರ ತೊಡೆಯ ಕೀಲು ನಾಲ್ಕು ದಿನದಲ್ಲಿ ಸಡಿಲವಾಗುವುದಿಲ್ಲ. ಇಷ್ಟನ್ನು ಅಂದು ಯಾರಾದರೂ ಹೇಳಿದ್ದರೆ, ದಿನವೂ ಅಭ್ಯಾಸ ಮಾಡಬಹುದಾಗಿದ್ದ ಒಂದು ವರ್ಷ ನನ್ನ ಪಾಲಿಗೆ ಉಳಿಯುತ್ತಿತ್ತು. ಮಂಡಿ ಗುಣವಾದ ಮೇಲೂ ಭಯದಿಂದ ಅಷ್ಟು ಕಾಲ ದೂರವಿದ್ದೆ.

ಆಮೇಲೆ ಪರಿಚಿತರೊಬ್ಬರು, ಮನೆಯ ಹಜಾರದಲ್ಲಿ ಹತ್ತು ಹನ್ನೆರಡು ಜನಕ್ಕೆ ಮಾತ್ರ ಕಲಿಸುತ್ತಿದ್ದ ಹಿರಿಯರೊಬ್ಬರ ಬಳಿಗೆ ನನ್ನನ್ನು ಕರೆದೊಯ್ದರು. ಮೊದಲ ದಿನ ಅವರು ರಕ್ತದೊತ್ತಡ, ಶಸ್ತ್ರಚಿಕಿತ್ಸೆ, ಕಣ್ಣು, ಬೆನ್ನು, ನಿದ್ದೆ ಎಲ್ಲವನ್ನೂ ವಿಚಾರಿಸಿದರು. ಕಲಿಸಿದ್ದು ಮೂರೇ ಸಂಗತಿ: ಎರಡೂ ಪಾದಗಳ ಮೇಲೆ ಭಾರವನ್ನು ಸಮನಾಗಿ ಹಂಚಿಕೊಂಡು ನಿಲ್ಲುವುದು, ಉಸಿರು ತೆಗೆದುಕೊಳ್ಳುತ್ತಾ ಕೈ ಮೇಲೆತ್ತಿ ಉಸಿರು ಬಿಡುತ್ತಾ ಇಳಿಸುವುದು, ಕೊನೆಗೆ ಅಂಗಾತ ಮಲಗಿ ಮೈ ಸಡಿಲಬಿಡುವ ಶವಾಸನ. "ಇಷ್ಟೇನಾ ಮೇಷ್ಟ್ರೇ?" ಎಂದು ಕೇಳಿದೆ. "ಇಷ್ಟನ್ನು ದಿನಾ ಮನೆಯಲ್ಲಿ ಮಾಡಿಕೊಂಡು ಬನ್ನಿ ಅಮ್ಮಾ. ಇದು ನಿಮ್ಮದಾಯಿತು ಅಂತ ಕಂಡಾಗ ಮುಂದಿನದು ಕೊಡ್ತೀನಿ" ಎಂದರು. ಎರಡು ವಾರ ಅದೇ. ಆಮೇಲೆ ಗೋಡೆಗೆ ಕೈಯಾನಿಸಿ ಒಂಟಿ ಕಾಲಲ್ಲಿ ನಿಲ್ಲುವ ವೃಕ್ಷಾಸನ. ಒಂದೂವರೆ ತಿಂಗಳ ಮೇಲೆ ಅರ್ಧ ಸೂರ್ಯನಮಸ್ಕಾರ. ಆರು ತಿಂಗಳು ತುಂಬುವಾಗ ನನ್ನ ಬಳಿ ಹನ್ನೊಂದು ಆಸನಗಳಿದ್ದವು, ಅವು ಇಪ್ಪತ್ತೈದು ನಿಮಿಷದಲ್ಲಿ ಮುಗಿಯುತ್ತಿದ್ದವು, ಮುಂದೇನು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಊರಿಗೆ ಹೋದರೂ, ಆಸ್ಪತ್ರೆಯಲ್ಲಿ ಯಾರಿಗಾದರೂ ಜೊತೆಗಿರಬೇಕಾಗಿ ಬಂದರೂ, ಆ ಹನ್ನೊಂದೂ ನನ್ನ ಜೊತೆಗೇ ಬರುತ್ತಿದ್ದವು.

ಇದು ಆ ಮೇಷ್ಟರು ಕಂಡುಹಿಡಿದ ಕ್ರಮವೇನಲ್ಲ. ಇದು ನಮ್ಮ ಮೈಸೂರಿನದೇ ಕ್ರಮ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸಿದವರು ಚಿತ್ರದುರ್ಗ ಸೀಮೆಯ ತಿರುಮಲೈ ಕೃಷ್ಣಮಾಚಾರ್ಯರು. ಹಾಸನ ಜಿಲ್ಲೆಯ ಕೌಶಿಕ ಗ್ರಾಮದ ಕೆ. ಪಟ್ಟಾಭಿ ಜೋಯಿಸರೂ ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ಯರೂ ಅವರ ಶಿಷ್ಯರು. ಜೋಯಿಸರು ಮೊದಲು ಲಕ್ಷ್ಮೀಪುರಂನಲ್ಲಿ, ಆಮೇಲೆ ಗೋಕುಲಂನಲ್ಲಿ ಕಲಿಸಿದ ರೀತಿಗೆ ಇಂದು ಲೋಕದಾದ್ಯಂತ 'ಮೈಸೂರು ಶೈಲಿ' ಎಂದೇ ಹೆಸರು. ಒಂದೇ ಕೋಣೆಯಲ್ಲಿ ಹಲವರಿದ್ದರೂ ಪ್ರತಿಯೊಬ್ಬರೂ ತಮ್ಮ ಉಸಿರಿನ ಲೆಕ್ಕದಲ್ಲಿ ತಮ್ಮ ಪಾಲಿನ ಆಸನಗಳನ್ನು ಮಾಡುತ್ತಾರೆ. ಹಿಂದಿನದು ಕೈವಶವಾದುದನ್ನು ಕಂಡ ಮೇಲೆಯೇ ಗುರು ಮುಂದಿನ ಆಸನವನ್ನು ಕೊಡುತ್ತಾರೆ. ಎಲ್ಲೆಲ್ಲಿಂದಲೋ ವಿಮಾನವೇರಿ ಬಂದವರು ಇದಕ್ಕಾಗಿಯೇ ಗೋಕುಲಂನಲ್ಲಿ ಬಾಡಿಗೆ ಮನೆ ಹಿಡಿದು, ನಸುಕಿನಲ್ಲಿ ಎದ್ದು ಹೋಗುತ್ತಾರೆ. ಅದೇ ಊರಿನ ಉದ್ಯಾನಗಳಲ್ಲಿ ನಮ್ಮವರಿಗೆ ಮಾತ್ರ ನೂರು ಜನಕ್ಕೆ ಒಂದೇ ಎಣಿಕೆಯಲ್ಲಿ ಕಲಿಸುತ್ತಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಕೃಷ್ಣಮಾಚಾರ್ಯರ ಶಿಷ್ಯಪರಂಪರೆಯನ್ನು ನೋಡಿದರೆ ಇನ್ನೊಂದು ವಿಷಯ ಮನವರಿಕೆಯಾಗುತ್ತದೆ. ಜೋಯಿಸರದು ಉಸಿರಿನೊಡನೆ ಒಂದರಿಂದ ಇನ್ನೊಂದಕ್ಕೆ ಹರಿಯುವ ಆಸನಗಳ ಸರಣಿ. ಬಾಲ್ಯದಲ್ಲಿ ಕ್ಷಯ, ಮಲೇರಿಯಾಗಳಿಂದ ನರಳಿದ ಅಯ್ಯಂಗಾರ್ಯರು ಮುಂದೆ ಪುಣೆಯಲ್ಲಿ ಹಗ್ಗ, ಪಟ್ಟಿ, ಮರದ ತುಂಡು, ಕುರ್ಚಿಗಳ ನೆರವಿನಿಂದ ಬಾಗದ ಮೈಗೂ ಆಸನ ಸಿಗುವಂತೆ ಮಾಡಿದರು. ಆಚಾರ್ಯರ ಮಗ ಟಿ.ಕೆ.ವಿ. ದೇಶಿಕಾಚಾರ್ ಮದರಾಸಿನಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಅವರವರ ವಯಸ್ಸಿಗೂ ಆರೋಗ್ಯಕ್ಕೂ ತಕ್ಕಂತೆ ಕಲಿಸಿದರು. ಒಬ್ಬರೇ ಗುರುವಿನಿಂದ ಮೂರು ದಾರಿಗಳು. ಹದಿನೈದರ ಹುಡುಗನಿಗೂ ಅರವತ್ತರ ಹೆಂಗಸಿಗೂ ಒಂದೇ ಪಾಠವಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ನಾನು ಕಾಣೆ.

ಇನ್ನು ಪ್ರಗತಿಯ ವಿಚಾರ. ಹೊಸಬರೆಲ್ಲರೂ ಕೇಳುವುದು ಇದನ್ನೇ: ಎಷ್ಟು ದಿನದಲ್ಲಿ ಕಾಲ್ಬೆರಳು ಸಿಗುತ್ತದೆ? ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನದಲ್ಲಿ ನನ್ನ ಕೈ ಮೊದಲು ಮಂಡಿಯಿಂದ ಕೆಳಗೆ ಇಳಿಯುತ್ತಿರಲಿಲ್ಲ. ಬೆನ್ನನ್ನು ಗೂನು ಮಾಡಿಕೊಂಡು ಕೈ ಚಾಚಿದರೆ ಕಣಕಾಲು ಮುಟ್ಟುತ್ತಿತ್ತು, ಅದನ್ನೇ ಪ್ರಗತಿಯೆಂದು ಭಾವಿಸಿದ್ದೆ. ಮೇಷ್ಟರು ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ನನ್ನನ್ನು ಅದರ ಅಂಚಿನ ಮೇಲೆ ಕೂರಿಸಿ, ಮಂಡಿಗಳನ್ನು ತುಸು ಮಡಚಿಸಿ, ಹೊಟ್ಟೆ ತೊಡೆಗೆ ತಾಗುವಂತೆ ಸೊಂಟದಿಂದ ಬಾಗಲು ಹೇಳಿದರು. ಕೈ ಮತ್ತೆ ಮಂಡಿಗೇ ಬಂತು, ಆದರೆ ಬೆನ್ನು ನೆಟ್ಟಗಿತ್ತು, ಉಸಿರು ತಡೆಯಿಲ್ಲದೆ ಆಡುತ್ತಿತ್ತು. ಕಣಕಾಲು ಸಿಕ್ಕಿದ್ದು ಎಂಟು ತಿಂಗಳ ಮೇಲೆ, ಆ ಬೆಳಗ್ಗೆ ನನಗೆ ಅದರ ಪರಿವೆಯೇ ಇರಲಿಲ್ಲ. ಪಕ್ಕದಲ್ಲಿದ್ದವರು ಹೇಳಿದಾಗಲೇ ತಿಳಿದದ್ದು. ಅದಕ್ಕಿಂತ ಮುಂಚೆ ಬೇರೆ ಬದಲಾವಣೆಗಳು ಬಂದಿದ್ದವು. ಅರ್ಧ ಗಂಟೆ ನೆಲದ ಮೇಲೆ ಕುಳಿತು ಮೆಂತ್ಯ ಸೊಪ್ಪು ಬಿಡಿಸಿ, ಕೈಯೂರದೆ ಎದ್ದು ನಿಂತೆ. ಚಾಮುಂಡಿ ಬೆಟ್ಟದ ಮೆಟ್ಟಿಲಿನಲ್ಲಿ ನಂದಿಯವರೆಗೆ ಏದುಸಿರಿಲ್ಲದೆ ಹತ್ತಿದೆ. ಉಸಿರು ಕಟ್ಟಿದರೆ, ಮುಖ ಬಿಗಿದರೆ, ಕೀಲಿನಲ್ಲಿ ಚುಚ್ಚುವ ನೋವು ಬಂದರೆ ಒಂದು ಹೆಜ್ಜೆ ಹಿಂದೆ ಬರಬೇಕು. ಸ್ನಾಯುವಿನಲ್ಲಿ ಹದವಾದ ಎಳೆತವಿದ್ದು ಉಸಿರು ಸಲೀಸಾಗಿದ್ದರೆ ಅಲ್ಲೇ ನಿಲ್ಲಬೇಕು. ಆರು ವರ್ಷಗಳಲ್ಲಿ ಇದಕ್ಕಿಂತ ನಂಬಿಕಸ್ತವಾದ ಅಳತೆಗೋಲು ನನಗೆ ಸಿಕ್ಕಿಲ್ಲ. ಪ್ರಾಚೀನ ಯೋಗಗ್ರಂಥವಾದ ಪತಂಜಲಿಯ ಸೂತ್ರದಲ್ಲಿ ಆಸನದ ಲಕ್ಷಣವನ್ನು ಸ್ಥಿರ, ಸುಖ ಎಂಬ ಎರಡೇ ಪದಗಳಲ್ಲಿ ಹೇಳಿದೆ, ಕಾಲ್ಬೆರಳಿನ ಪ್ರಸ್ತಾಪ ಅಲ್ಲಿಲ್ಲ.

ಪ್ರಾಣಾಯಾಮದಲ್ಲಿ ಆತುರ ಇನ್ನೂ ಅಪಾಯಕಾರಿ. ಮೊದಲ ವಾರದಲ್ಲೇ ರಭಸವಾಗಿ ಉಸಿರು ಹೊರದೂಡುವ ಕಪಾಲಭಾತಿಯನ್ನೂ ಉಸಿರು ಹಿಡಿದು ನಿಲ್ಲುವ ಕುಂಭಕವನ್ನೂ ಹೇಳಿಕೊಡುವ ತರಗತಿಗಳನ್ನು ನಾನು ನೋಡಿದ್ದೇನೆ. ಅಧಿಕ ರಕ್ತದೊತ್ತಡ, ಹೃದ್ರೋಗ ಇರುವವರು, ಗರ್ಭಿಣಿಯರು ಇವನ್ನು ಮಾಡಬಾರದೆಂದು ಆರಂಭದಲ್ಲೇ ಹೇಳಬೇಕಾದದ್ದು ಶಿಕ್ಷಕರ ಕರ್ತವ್ಯ. ಶೀರ್ಷಾಸನವೂ ಹಾಗೆಯೇ; ತಲೆಕೆಳಗಾದಾಗ ಕಣ್ಣಿನೊಳಗಿನ ಒತ್ತಡ ಏರುವುದರಿಂದ ಗ್ಲುಕೋಮಾ ಇರುವವರಿಗೆ ಅದು ಸಲ್ಲದು. ಸಿಂಹ, ಆನೆ, ಹುಲಿಗಳನ್ನು ಪಳಗಿಸುವಂತೆ ಉಸಿರನ್ನೂ ಮೆಲ್ಲಮೆಲ್ಲನೆ ಪಳಗಿಸಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂದು ಹಳೆಯ ಯೋಗಗ್ರಂಥವಾದ ಹಠಯೋಗ ಪ್ರದೀಪಿಕೆ ಎಚ್ಚರಿಸುತ್ತದೆ. ಮೈಸೂರಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ದಸರಾ ಆನೆಗಳಿಗೆ ವಾರಗಟ್ಟಲೆ ಮೊದಲೇ ಮರಳಿನ ಮೂಟೆ ಹೊರಿಸಿ, ದಿನದಿಂದ ದಿನಕ್ಕೆ ಭಾರ ಹೆಚ್ಚಿಸುತ್ತಾ ಹೋಗುವ ತಾಲೀಮನ್ನು ನಾವು ರಸ್ತೆಬದಿಯಲ್ಲಿ ನಿಂತು ನೋಡುತ್ತೇವೆ. 750 ಕಿಲೋ ತೂಕದ ಅಂಬಾರಿಯನ್ನು ಮೊದಲ ದಿನವೇ ಯಾರೂ ಹೊರಿಸುವುದಿಲ್ಲ. ನನ್ನ ಉಸಿರಿನ ಅಭ್ಯಾಸ ಒಂದು ವರ್ಷದವರೆಗೆ ಇಷ್ಟೇ ಇತ್ತು: ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ಹತ್ತು ಸಲ.

ದಾವಣಗೆರೆಯಲ್ಲಿರುವ ನನ್ನ ನಾದಿನಿ ಮೂರು ಸಲ ಆರಂಭಿಸಿ ಮೂರು ಸಲವೂ ಬಿಟ್ಟವಳು. "ಅತ್ತಿಗೆ, ನನ್ನ ಮೈಗೆ ಯೋಗ ಒಗ್ಗೋದಿಲ್ಲ ಬಿಡಿ" ಎಂದಳು. ವಿಚಾರಿಸಿದರೆ, ಮೊಬೈಲಿನಲ್ಲಿ ಒಂದು ಗಂಟೆಯ ವಿಡಿಯೊ ಹಾಕಿಕೊಂಡು ಪೂರ್ತಿ ಮಾಡಲು ಹೊರಟಿದ್ದಳು; ಒಂದು ದಿನ ಗಂಟೆ ಸಿಗದಿದ್ದರೆ ಆ ದಿನ ಪೂರ್ತಿ ಖಾಲಿ, ನಾಲ್ಕು ದಿನ ಖಾಲಿಯಾದರೆ ಮತ್ತೆ ಶುರುಮಾಡಲು ಸಂಕೋಚ. ಕಳೆದ ದೀಪಾವಳಿಗೆ ಬಂದಿದ್ದಾಗ ಅವಳಿಗೆ ನಾಲ್ಕು ಆಸನಗಳನ್ನು ಮಾತ್ರ ಹೇಳಿಕೊಟ್ಟು, ಬೆಳಗ್ಗೆ ಮುಖ ತೊಳೆದ ಮೇಲೆ, ಕಾಫಿಗೆ ಮೊದಲು, ಹನ್ನೆರಡೇ ನಿಮಿಷ ಮಾಡೆಂದು ಹೇಳಿ ಕಳಿಸಿದೆ. ಹೊಟ್ಟೆ ಖಾಲಿಯಿರಬೇಕೆಂಬ ನಿಯಮವೂ ಅದರಿಂದ ತಾನಾಗಿಯೇ ಪಾಲನೆಯಾಗುತ್ತದೆ. ಜ್ವರ ಬಂದರೆ ಬಿಡು, ಬಿಟ್ಟು ಬಂದ ಮೇಲೆ ಅರ್ಧದಿಂದ ಆರಂಭಿಸು, ಬಿಟ್ಟ ದಿನಗಳನ್ನು ತುಂಬಿಕೊಡಲು ಹೋಗಬೇಡ ಎಂದೂ ಹೇಳಿದ್ದೆ. ಅವಳು ಇನ್ನೂ ಮಾಡುತ್ತಿದ್ದಾಳೆ, ಈಗ ಐದನೆಯ ಆಸನ ಕೇಳುತ್ತಿದ್ದಾಳೆ.

ಅಭ್ಯಾಸ ಗಟ್ಟಿಯಾಗಬೇಕಾದರೆ ದೀರ್ಘಕಾಲ, ನೈರಂತರ್ಯ, ಸತ್ಕಾರ ಈ ಮೂರೂ ಬೇಕೆಂದು ಪತಂಜಲಿ ಹೇಳುತ್ತಾನೆ. ಮೊದಲೆರಡು ಎಲ್ಲರಿಗೂ ಅರ್ಥವಾಗುತ್ತವೆ. ನಾನು ಹೆಚ್ಚು ಯೋಚಿಸಿದ್ದು ಮೂರನೆಯದನ್ನು ಕುರಿತು. ಮನೆಗೆ ಬಂದವರಿಗೆ ನಾವು ಮಾಡುವ ಉಪಚಾರಕ್ಕೂ ಕನ್ನಡದಲ್ಲಿ ಇದೇ ಪದ. ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತನಾಡುವುದಿಲ್ಲ, ಅವಸರವಾಗಿ ಬಡಿಸುವುದಿಲ್ಲ. ಬೆಳಗಿನ ಆ ಹನ್ನೆರಡು ನಿಮಿಷಕ್ಕೆ ಜಮಖಾನೆ ಹಾಸುವಾಗ, ಮೊಬೈಲನ್ನು ಬೇರೆ ಕೋಣೆಯಲ್ಲಿಡುವಾಗ, ಶವಾಸನವನ್ನು ಸಮಯವಿಲ್ಲವೆಂದು ಹಾರಿಸದೆ ಮಲಗುವಾಗ ಆ ಪದ ನನ್ನ ಮನಸ್ಸಿನಲ್ಲಿರುತ್ತದೆ.

ಉದ್ಯಾನ, ದೇವಸ್ಥಾನ, ಸಮುದಾಯ ಭವನಗಳಲ್ಲಿ ಹಣ ಪಡೆಯದೆ ವರ್ಷಗಳಿಂದ ಕಲಿಸುತ್ತಿರುವ ಶಿಕ್ಷಕರ ಮೇಲೆ ನನಗೆ ಅಪಾರ ಗೌರವವಿದೆ. ಅವರಲ್ಲಿ ನನ್ನ ವಿನಂತಿ: ಹೊಸಬರನ್ನು ಮೊದಲ ತಿಂಗಳು ದೊಡ್ಡ ಗುಂಪಿನ ಎಣಿಕೆಗೆ ಸೇರಿಸಬೇಡಿ. ಒಂದು ಮೂಲೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರನ್ನು ಜೊತೆಗೆ ಕೊಟ್ಟು, ಮೈಯ ಸ್ಥಿತಿಯನ್ನು ಕೇಳಿ ತಿಳಿದು, ಮನೆಯಲ್ಲಿ ಮಾಡಲು ಮೂರು ನಾಲ್ಕು ಆಸನ ಕೊಟ್ಟು ಕಳಿಸಿ. ಕೇಳದೆ ಯಾರ ಮೈಯನ್ನೂ ಒತ್ತಬೇಡಿ. ನಮ್ಮ ಉದ್ಯಾನದಲ್ಲಿ ಈ ವರ್ಷ ಹೀಗೆ ಮಾಡಲು ಒಪ್ಪಿಕೊಂಡಿದ್ದಾರೆ, ಆ ಮೂಲೆಯಲ್ಲಿ ಕೂರುವ ಕೆಲಸವನ್ನು ನಾನೂ ಇನ್ನಿಬ್ಬರೂ ವಹಿಸಿಕೊಂಡಿದ್ದೇವೆ.

ತಮ್ಮಲ್ಲಿಯೂ ಒಂದು ಕೋರಿಕೆಯಿದೆ. ಯೋಗ ದಿನದಂದು ಪತ್ರಿಕೆಗಳ ಪುಟಗಳಲ್ಲಿ ಕಾಣುವ ಚಿತ್ರಗಳು ಬಹುಮಟ್ಟಿಗೆ ಬಿಲ್ಲಿನಂತೆ ಬಾಗಿದ ಎಳೆಯರವು. ಅವರ ಸಾಧನೆ ಮೆಚ್ಚತಕ್ಕದ್ದೇ. ಆದರೆ ಅದನ್ನು ನೋಡಿ ಐವತ್ತು ದಾಟಿದವರು ಇದು ತಮಗಲ್ಲವೆಂದು ಪುಟ ಮಗುಚುತ್ತಾರೆ. ವಾರಕ್ಕೊಮ್ಮೆ ಸಣ್ಣ ಜಾಗದಲ್ಲಿ, ಒಂದೇ ಒಂದು ಆಸನವನ್ನು, ಅದನ್ನು ಯಾರು ಮಾಡಬಾರದು, ಬಾಗದವರು ಕುರ್ಚಿ, ಗೋಡೆ, ಕಂಬಳಿಗಳ ನೆರವಿನಿಂದ ಹೇಗೆ ಮಾಡಬೇಕು ಎಂಬ ವಿವರದೊಡನೆ ಪ್ರಕಟಿಸುವಿರಾ? ಬಲ್ಲ ಶಿಕ್ಷಕರಿಂದ ಅದನ್ನು ಬರೆಸಿ, ಚಿತ್ರಕ್ಕೆ ಸಾಮಾನ್ಯ ಮೈಕಟ್ಟಿನವರನ್ನೇ ಕೂರಿಸಿ. ಹಾಗೆ ಕೂರಲು ನಮ್ಮ ಗುಂಪಿನಲ್ಲಿ ಅರವತ್ತು ದಾಟಿದ ನಾಲ್ಕೈದು ಮಂದಿ ಸಿದ್ಧರಿದ್ದೇವೆ. ಮಡಿಸಿದ ಕಂಬಳಿಯನ್ನು ನಾವೇ ತರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅಂಚೆ ನೌಕರಳು,
ಸರಸ್ವತಿಪುರಂ, ಮೈಸೂರು