ಕ್ಯಾಜುವಲ್ಟಿ ಪಾಳಿಗೆ ಮೊದಲು ಮ್ಯಾನಿಕಿನ್ ಮೇಲೆ ತಾಲೀಮು ನಡೆಯಲಿ

ಮಾನ್ಯ ಸಂಪಾದಕರೇ,

ವೈದ್ಯಕೀಯ ವಿದ್ಯಾರ್ಥಿಗಳನ್ನು ತುರ್ತು ಚಿಕಿತ್ಸೆಗೆ ಸಜ್ಜುಗೊಳಿಸಲು ಸಿಮ್ಯುಲೇಶನ್ ತರಬೇತಿ ಬೇಕು, ಅಂದರೆ ಮ್ಯಾನಿಕಿನ್ ಎಂಬ ಬೊಂಬೆಯನ್ನೇ ರೋಗಿಯೆಂದು ಭಾವಿಸಿ, ಗಡಿಯಾರ ಎದುರಿಗಿಟ್ಟುಕೊಂಡು ಚಿಕಿತ್ಸೆಯನ್ನು ಅಭ್ಯಾಸ ಮಾಡಿಸಬೇಕು ಎಂಬುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. 2019ರಲ್ಲಿ ಎಂಬಿಬಿಎಸ್ ಪಠ್ಯಕ್ರಮ ಸಾಮರ್ಥ್ಯಾಧಾರಿತ ಪದ್ಧತಿಗೆ ಬದಲಾದ ಮೇಲೆ ಕಾಲೇಜುಗಳಲ್ಲಿ ಸ್ಕಿಲ್ ಲ್ಯಾಬ್ ಇರಲೇಬೇಕೆಂಬ ನಿಯಮವೂ ಬಂದಿದೆ. ಬಹುಕಾಲ ಕ್ಯಾಜುವಲ್ಟಿಯಲ್ಲಿ ಶುಶ್ರೂಷಾಧಿಕಾರಿಯಾಗಿದ್ದು ನಿವೃತ್ತಳಾದ ನನ್ನ ಅಹವಾಲು ಇಷ್ಟೇ: ಆ ಲ್ಯಾಬಿನಲ್ಲಿ ಏನನ್ನು, ಯಾರ ಜೊತೆ ಅಭ್ಯಾಸ ಮಾಡಿಸಬೇಕೆಂಬುದನ್ನು ನಮ್ಮ ಭಾಗದ ರೋಗಿಗಳನ್ನು ನೋಡಿ ನಿರ್ಧರಿಸಬೇಕು, ಮತ್ತು ಅದು ಮುಗಿಯುವ ತನಕ, ಇಂಟರ್ನ್‌ಶಿಪ್ ಮಾಡುತ್ತಿರುವ ಹೌಸ್ ಸರ್ಜನ್‌ಗಳನ್ನು ರಾತ್ರಿ ಪಾಳಿಯ ಕ್ಯಾಜುವಲ್ಟಿಗೆ ಹಾಕಬಾರದು.

12 ತಿಂಗಳ ಇಂಟರ್ನ್‌ಶಿಪ್‌ನಲ್ಲಿ ಕ್ಯಾಜುವಲ್ಟಿಗೆಂದೇ ಮೀಸಲಾಗಿರುವುದು 2 ವಾರ. ಆ ಅವಧಿಯಲ್ಲಿ ಯಾವ ರೋಗಿ ಬರುತ್ತಾರೋ ಅದೇ ಪಾಠ. ಹಾವು ಕಚ್ಚಿದವರು ಬಾರದಿದ್ದರೆ ಆ ಪಾಠವೇ ಇಲ್ಲ, ಬಂದರೂ ಹಿರಿಯ ವೈದ್ಯರ ಬೆನ್ನ ಹಿಂದೆ ನಿಂತು ಇಣುಕಿದ್ದಷ್ಟೇ ದಕ್ಕೀತು. ಮುಂದೆ ಇದೇ ಯುವಕ, ಯುವತಿಯರು ಮಸ್ಕಿಯಲ್ಲೋ ಕುಷ್ಟಗಿಯಲ್ಲೋ ಸಿರುಗುಪ್ಪದಲ್ಲೋ ರಾತ್ರಿ ಒಬ್ಬರೇ ವೈದ್ಯರಾಗಿ ಕುಳಿತಿರುವಾಗ, ದೊಡ್ಡ ಆಸ್ಪತ್ರೆ ಒಂದೆರಡು ತಾಸಿನ ದಾರಿಯಾಚೆ ಇರುತ್ತದೆ.

ಕೀಟನಾಶಕ ಕುಡಿದು ಬರುವವರ ವಿಷಯವನ್ನೇ ನೋಡಿ. ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮ ಸೀಮೆಯಲ್ಲಿ ಕೀಟನಾಶಕದ ಡಬ್ಬಿ ಕೈಗೆಟಕುವಲ್ಲೇ ಇರುತ್ತದೆ. ಆರ್ಗನೋಫಾಸ್ಫರಸ್ ಎಂಬ ಬಗೆಯ ಕೀಟನಾಶಕದ ವಿಷವೇರಿದಾಗ ಕಣ್ಣಪಾಪೆ ಕಿರಿದಾಗಿ, ಜೊಲ್ಲು ಸುರಿದು, ಶ್ವಾಸನಾಳಗಳಲ್ಲಿ ಸ್ರಾವ ತುಂಬಿ ಉಸಿರು ಕಟ್ಟುತ್ತದೆ. ಇದಕ್ಕೆ ಮದ್ದಾದ ಅಟ್ರೋಪಿನ್ ಕೊಡಬೇಕೆಂಬುದು ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿರುತ್ತಾರೆ. ಆದರೆ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಆಂಪ್ಯೂಲಿನಲ್ಲಿ, ಅಂದರೆ ಔಷಧದ ಪುಟ್ಟ ಗಾಜಿನ ಸೀಸೆಯಲ್ಲಿ, ಇರುವುದು 0.6 ಮಿ.ಗ್ರಾಂ. ಮಾತ್ರ. ಮೊದಲ ಡೋಸಿಗೇ 3ರಿಂದ 5 ಆಂಪ್ಯೂಲು ಒಡೆಯಬೇಕು. 5 ನಿಮಿಷದಲ್ಲಿ ಎದೆಯ ಸದ್ದು ತಿಳಿಯಾಗದಿದ್ದರೆ ಅದರ ಇಮ್ಮಡಿ, ಮತ್ತೆ 5 ನಿಮಿಷಕ್ಕೆ ಅದರ ಇಮ್ಮಡಿ. ಹೀಗೆ ಮೂರನೆಯ ಸರದಿ ಮುಗಿಯುವಷ್ಟರಲ್ಲಿ 21ರಿಂದ 35 ಆಂಪ್ಯೂಲು ಖರ್ಚಾಗಿರುತ್ತವೆ. ಒಬ್ಬರು ಒಡೆದು ಸಿರಿಂಜಿಗೆ ಎಳೆಯುತ್ತಲೇ ಇರಬೇಕು, ಇನ್ನೊಬ್ಬರು ಹೊತ್ತು ಮತ್ತು ಲೆಕ್ಕ ಬರೆಯಬೇಕು, ಮತ್ತೊಬ್ಬರು ಬಾಯಿಯ ಸ್ರಾವ ತೆಗೆದು ಆಮ್ಲಜನಕ ಕೊಡಬೇಕು, ಮಗದೊಬ್ಬರು ಕೈಗವಸು ತೊಟ್ಟು ವಿಷ ಮೆತ್ತಿದ ಬಟ್ಟೆ ಬಿಚ್ಚಿ ಮೈ ತೊಳೆಯಬೇಕು. ಹೃದಯದ ಬಡಿತ ಏರಿತೆಂದು ಹೆದರಿ ಡೋಸು ನಿಲ್ಲಿಸಿದವರನ್ನೂ, ಎದೆ ಆಲಿಸುವುದನ್ನು ಬಿಟ್ಟು ಕಣ್ಣಪಾಪೆಯನ್ನೇ ನೋಡುತ್ತ ನಿಂತವರನ್ನೂ ನಾನು ಕಂಡಿದ್ದೇನೆ. ಅವರು ಓದದವರಲ್ಲ. ಕೆಲಸ ಹಂಚಿ, ಐದೈದು ನಿಮಿಷಕ್ಕೆ ಎದೆ ಆಲಿಸಿ, ಮುಂದಿನ ಡೋಸು ಹೇಳುವುದನ್ನು ಅವರಿಂದ ಯಾರೂ ಒಮ್ಮೆಯೂ ಮಾಡಿಸಿರಲಿಲ್ಲ. ಉಸಿರಿನ ಸದ್ದು ಬದಲಿಸಬಲ್ಲ ಮ್ಯಾನಿಕಿನ್ ಇದ್ದರೆ ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ರೋಗಿಯ ಅಣ್ಣನ ಪಾತ್ರ ವಹಿಸುವವರು ‘ಎಣ್ಣಿ ಕುಡದಾನ್ರಿ’ ಎಂದಷ್ಟೇ ಹೇಳಿ ಅಳಲಿ (ನಮ್ಮ ಕಡೆ ಎಣ್ಣಿ ಎಂದರೆ ಕೀಟನಾಶಕ). ಯಾವ ಔಷಧ, ಎಷ್ಟು ಹೊತ್ತಾಯಿತು, ಡಬ್ಬಿ ಎಲ್ಲಿದೆ ಎಂಬುದನ್ನು ಕೇಳಿ ತಿಳಿಯುವುದೂ ಚಿಕಿತ್ಸೆಯ ಭಾಗವೇ.

ಹಾವು ಕಡಿತಕ್ಕೆ ಬೊಂಬೆಯೂ ಅಷ್ಟಾಗಿ ಬೇಕಿಲ್ಲ. 2 ಮಿ.ಲೀ. ರಕ್ತವನ್ನು ಒಣಗಿದ, ಶುಭ್ರವಾದ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು, ಬಳಿಕ ವಾಲಿಸಿ ಹೆಪ್ಪುಗಟ್ಟಿದೆಯೇ ಎಂದು ನೋಡುವ ಪರೀಕ್ಷೆ ಮಂಡಲದ ಹಾವಿನ ವಿಷ ಗುರುತಿಸಲು ತಾಲ್ಲೂಕು ಆಸ್ಪತ್ರೆಯಲ್ಲೂ ಸಾಧ್ಯ. ಪ್ಲಾಸ್ಟಿಕ್ ನಳಿಕೆ ಬಳಸಿದರೆ, ಸೋಪಿನ ಪುಡಿಯಲ್ಲಿ ತೊಳೆದ ನಳಿಕೆ ಬಳಸಿದರೆ ಫಲಿತಾಂಶ ದಾರಿ ತಪ್ಪಿಸುತ್ತದೆ. ಪ್ರತಿವಿಷ ಕೊಟ್ಟ ಮೇಲೆ ಮೈಯೆಲ್ಲ ದದ್ದೆದ್ದು ರಕ್ತದೊತ್ತಡ ಕುಸಿದರೆ 0.5 ಮಿ.ಗ್ರಾಂ. ಅಡ್ರಿನಲಿನ್ ಅನ್ನು ತೊಡೆಯ ಸ್ನಾಯುವಿಗೆ ಚುಚ್ಚಬೇಕು. ಹೀಗಾದೀತೆಂಬ ಭಯಕ್ಕೇ ಪ್ರತಿವಿಷ ಶುರು ಮಾಡದೆ ರೋಗಿಯನ್ನು ಮುಂದೆ ಸಾಗಹಾಕುವುದುಂಟು. ಆ ಭಯ ಉಪನ್ಯಾಸದಿಂದ ಹೋಗುವುದಿಲ್ಲ. ಕೈಯಾರೆ ಸಿರಿಂಜು ತುಂಬಿ, ಅಭ್ಯಾಸದ ಪ್ಯಾಡಿನ ಮೇಲಾದರೂ ಚುಚ್ಚಿ ಅಭ್ಯಾಸವಾದರೆ ಹೋಗುತ್ತದೆ.

ಈ ತರಬೇತಿಯಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಬೇರೊಂದಿದೆ. ವೈದ್ಯ ವಿದ್ಯಾರ್ಥಿಗಳಿಗೆ ಒಂದು ಕಡೆ, ನರ್ಸಿಂಗ್ ವಿದ್ಯಾರ್ಥಿಗಳಿಗೆ ಇನ್ನೊಂದು ಕಡೆ ಪಾಠ ನಡೆಯುತ್ತದೆ. ಇಬ್ಬರೂ ಮೊದಲ ಬಾರಿಗೆ ಒಟ್ಟಾಗುವುದು ಸಾಯುತ್ತಿರುವ ರೋಗಿಯ ಮಂಚದ ಬಳಿ. ಬಯಲಾಟದವರು ಕೂಡ ಭಾಗವತ, ಪಾತ್ರಧಾರಿ, ಮದ್ದಳೆಯವ ಎಲ್ಲರನ್ನೂ ಕೂರಿಸಿಕೊಂಡು ತಿಂಗಳುಗಟ್ಟಲೆ ತಾಲೀಮು ಮಾಡಿದ ಮೇಲೆಯೇ ಅಟ್ಟ ಹತ್ತುತ್ತಾರೆ. ‘ಅಡ್ರಿನಲಿನ್ ಕೊಡಿ’ ಎಂದು ಗಾಳಿಯಲ್ಲಿ ಕೂಗಿದರೆ ನಾಲ್ವರಲ್ಲಿ ಯಾರೂ ಕೊಡುವುದಿಲ್ಲ, ಇಲ್ಲವೇ ಇಬ್ಬರು ಕೊಡುತ್ತಾರೆ. ಹೆಸರು ಹಿಡಿದು ಹೇಳುವುದು, ಹೇಳಿಸಿಕೊಂಡವರು ಡೋಸನ್ನು ಮರುನುಡಿಯುವುದು, ಕೊಟ್ಟ ಮೇಲೆ ‘ಕೊಟ್ಟಾಯಿತು’ ಎನ್ನುವುದು ರೂಢಿಯಾಗಬೇಕು. ವೈದ್ಯರ ಡೋಸು ತಪ್ಪಿದೆಯೆಂದು ಕಂಡಾಗ ಸಿಸ್ಟರ್ ಅಳುಕಿಲ್ಲದೆ ಹೇಳಬೇಕು, ವೈದ್ಯರು ಅದನ್ನು ಕೇಳಿಸಿಕೊಳ್ಳಬೇಕು. ಇದನ್ನು ಮಾತ್ರ ಅತ್ಯಂತ ದುಬಾರಿ ಮ್ಯಾನಿಕಿನ್ ಕೂಡ ತಾನಾಗಿ ಕಲಿಸದು.

ದುಬಾರಿ ಯಂತ್ರವೇ ಬೇಕೆಂಬ ಹಟವೂ ಸಲ್ಲದು. ಹೃದಯ ನಿಂತಾಗ ಎದೆ ಒತ್ತುವುದನ್ನು ಕಲಿಸಲು ಜಗತ್ತಿನೆಲ್ಲೆಡೆ ಬಳಕೆಯಾದ ರಿಸಸಿ ಆ್ಯನ್ ಬೊಂಬೆಯನ್ನು 1960ರಲ್ಲಿ ತಯಾರಿಸಿದ ನಾರ್ವೆಯ ಆಸ್ಮಂಡ್ ಲೇರ್ಡಾಲ್ ಮೂಲತಃ ಆಟಿಕೆ ತಯಾರಕರು. ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ವಯಸ್ಕರಿಗೆ 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತುವುದನ್ನು ಸರಳ ಬೊಂಬೆಯ ಮೇಲೂ ಕಲಿಯಬಹುದು. ನಾನು ನೋಡಿದ ಒಂದು ಕಾಲೇಜಿನಲ್ಲಿ ಬೊಂಬೆಗಳು ಪೆಟ್ಟಿಗೆಯಿಂದ ಹೊರಬಂದದ್ದು ಉದ್ಘಾಟನೆಯ ದಿನ, ಮತ್ತೆ ತಪಾಸಣೆಯ ದಿನ. (ಗಣ್ಯರು ಎದೆ ಒತ್ತುವ ಫೋಟೊ ಚೆನ್ನಾಗಿಯೇ ಬಂದಿತ್ತು, ಒತ್ತಿದ ಜಾಗ ಮಾತ್ರ ಹೊಟ್ಟೆ.) ಕೊರತೆಯಿರುವುದು ಬೊಂಬೆಗಿಂತ ಹೆಚ್ಚಾಗಿ, ಬೀಗದ ಕೈ ಹಿಡಿದು ವಾರಕ್ಕೊಮ್ಮೆ ಅಭ್ಯಾಸ ನಡೆಸುವ, ಅದಕ್ಕಾಗಿ ಒಪಿಡಿಯಿಂದ ಬಿಡುವು ಪಡೆದ ಬೋಧಕರದ್ದು. 10 ನಿಮಿಷದ ಅಭ್ಯಾಸದ ಮೇಲೆ ಅದರ ಇಮ್ಮಡಿ ಹೊತ್ತು ಕುಳಿತು ಎಲ್ಲಿ ತಡವಾಯಿತು, ಏಕೆ ತಡವಾಯಿತು ಎಂದು ಮಾತಾಡಬೇಕು. ಎಲ್ಲರೆದುರು ಗದರಿಸಿ ಕಳಿಸುವ ಬೋಧಕರಿಗೆ ಈ ಕೆಲಸ ವಹಿಸದಿರುವುದೇ ಲೇಸು.

ಬೊಂಬೆಯ ಮೇಲಿನ ಅಭ್ಯಾಸ ನಿಜವಾದ ರೋಗಿಯ ಬಳಿಯ ಕಲಿಕೆಗೆ ಬದಲಿಯಲ್ಲ, ಸರಿ. ಆದರೂ ಬಳ್ಳಾರಿ, ರಾಯಚೂರು, ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಕೀಟನಾಶಕ, ಹಾವು ಕಡಿತ, ಹೆರಿಗೆಯ ನಂತರದ ರಕ್ತಸ್ರಾವ, ಹೆದ್ದಾರಿಯ ಲಾರಿ ಅಪಘಾತ, ಹೃದಯ ಸ್ತಂಭನ, ಇಷ್ಟು ಸನ್ನಿವೇಶಗಳನ್ನಾದರೂ ಒಟ್ಟಾಗಿ ಸಿದ್ಧಪಡಿಸಿ ಹಂಚಿಕೊಳ್ಳಬಹುದು. ಅಗತ್ಯವಾದ ಹಣವನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಕೇಳುವುದರಲ್ಲಿ ಸಂಕೋಚವೇನಿಲ್ಲ. ಆದರೆ ಕಟ್ಟಡದ ಬಾಬ್ತಿಗಿಂತ ಮೊದಲು ಬೋಧಕರ ತರಬೇತಿಗೆ, ಸಿರಿಂಜು, ಟ್ಯೂಬುಗಳಂಥ ಖರ್ಚಾಗುವ ಸಾಮಗ್ರಿಗೆ ಹಣ ಎತ್ತಿಡಲಿ. ತಾಲ್ಲೂಕು ಆಸ್ಪತ್ರೆಗಳ ವೈದ್ಯರು ಮತ್ತು ಸಿಸ್ಟರ್‌ಗಳನ್ನೂ ಸರದಿಯ ಮೇಲೆ ಇದೇ ಲ್ಯಾಬಿಗೆ ಕರೆಸಲಿ. ಈ ಐದೂ ಸನ್ನಿವೇಶಗಳನ್ನು ನರ್ಸಿಂಗ್ ವಿದ್ಯಾರ್ಥಿಗಳ ಜೊತೆಗೂಡಿ ಮಾಡಿ ಮುಗಿಸಿದ ದಿನಾಂಕ ಮತ್ತು ಬೋಧಕರ ಸಹಿ ಲಾಗ್‌ಬುಕ್ಕಿನಲ್ಲಿ ಇದ್ದರೆ ಮಾತ್ರ ಹೌಸ್ ಸರ್ಜನ್‌ಗಳ ಹೆಸರು ರಾತ್ರಿ ಪಾಳಿಯ ಪಟ್ಟಿಗೆ ಸೇರುವಂತೆ ಮೂರೂ ಕಾಲೇಜುಗಳ ನಿರ್ದೇಶಕರು ಬರುವ ಇಂಟರ್ನ್ ತಂಡದಿಂದಲೇ ಆದೇಶ ಹೊರಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ನಿವೃತ್ತ ಶುಶ್ರೂಷಾಧಿಕಾರಿ, ಸಿಂಧನೂರು, ರಾಯಚೂರು ಜಿಲ್ಲೆ