ಸಿಂಡಿಕೇಟ್ ತೀರ್ಮಾನ ನೋಟಿಸ್ ಬೋರ್ಡಿಗೂ ಬರಲಿ

ಸಂಪಾದಕರಿಗೆ ನಮಸ್ಕಾರ,

ಯೂನಿವರ್ಸಿಟಿ ಸಿಂಡಿಕೇಟ್, ಅಂದ್ರೆ ಆಡಳಿತದ ತೀರ್ಮಾನ ಮಾಡೋ ಮಂಡಳಿ, ಅದರ ಬಗ್ಗೆ ಪೇಪರಲ್ಲಿ ಬರೋದು ಎರಡೇ ಸಲ, ಹೊಸ ಸದಸ್ಯರ ನಾಮನಿರ್ದೇಶನ ಆದಾಗ ಮತ್ತೆ ಒಳಗೆ ಗಲಾಟೆ ಆದಾಗ. ಮಿಕ್ಕ ಟೈಮಲ್ಲಿ ಅಲ್ಲಿ ಏನು ತೀರ್ಮಾನ ಆಯ್ತು ಅಂತ ಊರಲ್ಲಿ ಯಾರನ್ನ ಕೇಳಿದ್ರೂ ಗೊತ್ತಿರಲ್ಲ. ಆದ್ರೆ ಮಕ್ಕಳು ಕಟ್ಟೋ ಪರೀಕ್ಷೆ ಫೀಸು, ಕಾಲೇಜುಗಳ ಸಂಯೋಜನೆ, ಉತ್ತರ ಪತ್ರಿಕೆ ಪ್ರಿಂಟ್ ಮಾಡಿಸೋ ಟೆಂಡರು, ಬಜೆಟ್ಟು, ಕಟ್ಟಡ, ನೇಮಕಾತಿ ಎಲ್ಲಾ ಆ ಟೇಬಲ್ ಮೇಲೇ ಬಂದು ಹೋಗುತ್ತೆ. ಅರ್ಜೆಂಟ್ ಅಂತ ಕುಲಪತಿಗಳು ಮೊದಲೇ ಮಾಡಿ ಮುಗಿಸಿದ ಕೆಲಸಕ್ಕೂ ಘಟನೋತ್ತರ ಅನುಮೋದನೆ ಅಂತ ಅಲ್ಲೇ ಒಪ್ಪಿಗೆ ಬೀಳೋದು.

ನಾನು ಇದನ್ನ ಬರೆಯೋಕೆ ಕಾರಣ ನಮ್ಮ ಅಕ್ಕನ ಮಗ. ನಮ್ಮ ಜಿಲ್ಲೆ ಹುಡುಗನೇ, ಬಿಕಾಂ ಓದಿದ್ದು ಮಾತ್ರ ಬೇರೆ ಕಡೆ, ಯೂನಿವರ್ಸಿಟಿ ಹೆಸರು ಇಲ್ಲಿ ಬೇಡ. ಹಳೇ ಸ್ಕೀಮಲ್ಲಿ ಒಂದೇ ಒಂದು ಪೇಪರ್ ಉಳಿಸಿಕೊಂಡಿದ್ದ, ಅಷ್ಟರಲ್ಲಿ ಕೋರ್ಸ್ ಮುಗಿಸೋಕೆ ಕೊಟ್ಟಿದ್ದ ಅವಧಿನೂ ದಾಟಿತು, ಮನೆ ಕಷ್ಟಕ್ಕೆ ನರಸಾಪುರದ ಫ್ಯಾಕ್ಟರೀಲಿ ಶಿಫ್ಟ್ ಕೆಲಸಕ್ಕೆ ಸೇರಿಕೊಂಡ. ಇಂಥೋರಿಗೆ ಒಂದು ವಿಶೇಷ ಅವಕಾಶ ಕೊಡ್ತಾರಂತೆ ಅಂತ ಸುದ್ದಿ ಇತ್ತು. ಯೂನಿವರ್ಸಿಟಿಗೆ ಫೋನ್ ಮಾಡಿದಾಗೆಲ್ಲ ಕೇಸ್ ವರ್ಕರ್ ಹೇಳಿದ್ದು ಒಂದೇ ಮಾತು, "ಸಬ್ಜೆಕ್ಟು ಸಿಂಡಿಕೇಟಲ್ಲಿ ಇಟ್ಟಿದಾರೆ, ಆಗ್ಲಿ ನೋಡಣ." ಸಭೆ ಯಾವಾಗ ಅಂದ್ರೆ ಅವರಿಗೂ ಗೊತ್ತಿಲ್ಲ.

ಸಭೆ ಆಯ್ತು, ಅವಕಾಶನೂ ಕೊಟ್ರು! ಸುತ್ತೋಲೆ ಮಾತ್ರ ಕಾಲೇಜಿನ ಇಮೇಲಿಗೆ ಹೋಯ್ತು, ಕಾಲೇಜಲ್ಲಿ ಪ್ರಿಂಟ್ ತೆಗೆದು ಬೋರ್ಡಿಗೆ ಹಾಕಿದ್ರು, ಅದರ ಮೇಲೆ ಸ್ಕಾಲರ್‌ಶಿಪ್ ನೋಟಿಸು, ಅದರ ಮೇಲೆ ಇಂಟರ್ನಲ್ಸ್ ಟೈಮ್‌ಟೇಬಲ್ಲು. ಕಾಲೇಜು ಬಿಟ್ಟು ಕೆಲಸಕ್ಕೆ ಸೇರಿದ ಹುಡುಗ ದಿನಾ ಹೋಗಿ ಬೋರ್ಡ್ ನೋಡ್ತಾನಾ? ಆಮೇಲೆ ನಾನೇ ಅವನ ಜೊತೆ ಹೋಗಿ ಆ ಟೈಮ್‌ಟೇಬಲ್ ಎತ್ತಿ ನೋಡಿದೆ. "ಉಲ್ಲೇಖ" ಅನ್ನೋ ಕಡೆ "ಸಿಂಡಿಕೇಟ್ ಸಭೆಯ ನಿರ್ಣಯ" ಅಂತ ಒಂದು ಸಾಲು, ಕೆಳಗೆ ದಂಡ ಸಮೇತ ಫೀಸ್ ಕಟ್ಟೋ ಕೊನೇ ದಿನಾಂಕ, ಅದು ಆಗಲೇ ಮುಗಿದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಡಿಗ್ರಿ ಇದ್ದಿದ್ರೆ ಸರ್ಕಾರಿ ಎಫ್‌ಡಿಎ ಕೆಲಸಕ್ಕೆ ಅರ್ಜಿ ಹಾಕ್ತಿದ್ದೆ ಮಾವ ಅಂತ ಅವನು ಅಂದಾಗ ನನಗೆ ಹೇಳೋಕೆ ಏನೂ ಉಳಿದಿರಲಿಲ್ಲ.

ಇದರಲ್ಲಿ ಯಾರೂ ದುಡ್ಡು ತಿಂದಿಲ್ಲ, ಅನ್ಯಾಯದ ತೀರ್ಮಾನನೂ ಮಾಡಿಲ್ಲ, ಒಳ್ಳೇ ತೀರ್ಮಾನನೇ ಮಾಡಿದಾರೆ. ಅದು ಯಾರಿಗೋಸ್ಕರ ಆಯ್ತೋ ಅವರಿಗೆ ಮುಟ್ಟಲಿಲ್ಲ, ಅದೇ ಹೊಟ್ಟೆ ಉರಿಯೋದು.

ಮಾಹಿತಿ ಹಕ್ಕು ಕಾಯ್ದೆ ಬಂದಿದ್ದು 2005ರಲ್ಲಿ. ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ 30 ದಿನ ಕಾಯೋದೇ ಆ ಕಾಯ್ದೆ ಅಂತ ತುಂಬಾ ಜನ ಅಂದುಕೊಂಡಿದಾರೆ, ಆದ್ರೆ ಅದರ 4ನೇ ಸೆಕ್ಷನ್ ಓದಿ ನೋಡಿ, ಜನ ಅರ್ಜಿ ಹಾಕೋ ಪರಿಸ್ಥಿತಿನೇ ಬರದ ಹಾಗೆ ಕಚೇರಿಯೋರೇ ಮುಂದಾಗಿ ಮಾಹಿತಿ ಹೊರಗೆ ಹಾಕಬೇಕು ಅಂತ ಇದೆ. ನಿಮ್ಮಲ್ಲಿ ಯಾವ ಮಂಡಳಿ ಯಾವ ಸಮಿತಿ ಇದೆ, ಅದರ ನಡಾವಳಿ ಜನಕ್ಕೆ ಸಿಗುತ್ತಾ ಇಲ್ವಾ ಅನ್ನೋದನ್ನೂ ಪ್ರಕಟಿಸಬೇಕು, ಜನಕ್ಕೆ ಸಂಬಂಧ ಪಡೋ ತೀರ್ಮಾನ ಹೇಳುವಾಗ ಅದರ ವಿವರನೂ ಕೊಡಬೇಕು, ಸ್ಥಳೀಯ ಭಾಷೆ ನೋಡಿಕೊಂಡು ನೋಟಿಸ್ ಬೋರ್ಡು, ಪತ್ರಿಕೆ, ಇಂಟರ್ನೆಟ್ಟು ಹೀಗೆ ಆ ಊರಿನೋರಿಗೆ ಮುಟ್ಟೋ ದಾರೀಲಿ ತಲುಪಿಸಬೇಕು ಅಂತ ಅದರಲ್ಲೇ ಬರೆದಿದೆ. ಇಪ್ಪತ್ತು ವರ್ಷದ ಹಳೇ ಕಾನೂನು ಇದು, ಹೊಸದಾಗಿ ಯಾರೂ ಏನೂ ಕೇಳ್ತಿಲ್ಲ.

ಎಲ್ಲಾನೂ ಹೊರಗೆ ಹಾಕೋಕಾಗಲ್ಲ ಅಂತಾರೆ, ಒಪ್ಪಿಕೊಳ್ತೀನಿ. ನೌಕರರ ಮೇಲಿನ ಇಲಾಖಾ ವಿಚಾರಣೆ, ಪ್ರಶ್ನೆಪತ್ರಿಕೆ ಗೋಪ್ಯತೆ, ಒಬ್ಬರ ಖಾಸಗಿ ವಿವರ ಇಂಥದ್ದನ್ನ ತೆಗೆದಿಡೋಕೆ 8ನೇ ಸೆಕ್ಷನ್ ಇದ್ದೇ ಇದೆ. ಪರೀಕ್ಷೆ ಫೀಸ್ ಎಷ್ಟು ಜಾಸ್ತಿ ಮಾಡಿದ್ರು, ಯಾಕೆ ಮಾಡಿದ್ರು ಅನ್ನೋದ್ರಲ್ಲಿ ಏನು ಗೋಪ್ಯ? ದೆಹಲಿ ಯೂನಿವರ್ಸಿಟೀಲಿ ಎಕ್ಸಿಕ್ಯುಟಿವ್ ಕೌನ್ಸಿಲ್, ಅಂದ್ರೆ ನಮ್ಮ ಸಿಂಡಿಕೇಟ್ ಥರದ್ದೇ ಮಂಡಳಿ, ಅದರ ನಡಾವಳಿ ವೆಬ್‌ಸೈಟಿಗೆ ಹಾಕ್ತಾರೆ, ಅಲ್ಲೇನೂ ಆಡಳಿತ ನಿಂತುಹೋಗಿಲ್ಲ.

ನಮ್ಮ ಕಡೆ ಇದು ಇನ್ನೂ ಮುಖ್ಯ. ಬೆಂಗಳೂರು ಯೂನಿವರ್ಸಿಟಿ ಒಡೆದು 2017ರಲ್ಲಿ ಬೆಂಗಳೂರು ಉತ್ತರ ವಿವಿ ಆದಮೇಲೆ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆ ಅದರ ಕೆಳಗೆ ಬಂದ್ವು. ಬಾಗೇಪಲ್ಲಿ ಗೌರಿಬಿದನೂರು ಕಡೆ ಮಕ್ಕಳು ಒಂದು ವಿಷಯ ತಿಳಿಯೋಕೆ ವಿವಿ ಕಚೇರಿ ಇರೋ ಕೋಲಾರದ ತಮಕಕ್ಕೆ ಹೋಗಿ ಬರೋದ್ರಲ್ಲಿ ಒಂದು ದಿನ ಹೋಗುತ್ತೆ, ಅಷ್ಟೇ ಅಲ್ಲ ಒಂದು ದಿನದ ಕೂಲಿನೂ ಹೋಗುತ್ತೆ. ಶಿಡ್ಲಘಟ್ಟ ತಾಲ್ಲೂಕಿನ ಅಮರಾವತೀಲಿರೋ ಇದೇ ವಿವಿ ಕ್ಯಾಂಪಸ್ ಬಗ್ಗೆ ನಮ್ಮ ಚಿಂತಾಮಣಿ ಹೋಟೆಲಲ್ಲಿ ಕೂತ್ರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಇನ್ನು ತುಮಕೂರು ವಿವಿ 2004ರಿಂದ ಇದೆ, ಅಲ್ಲಿನ ಮಕ್ಕಳಿಗೂ ಇದೇ ಮಾತು ಅನ್ವಯಿಸುತ್ತೆ. ಮೂರು ವರ್ಷದ ಡಿಗ್ರಿ ಹೋಗಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಅಂತ ನಾಲ್ಕು ವರ್ಷದ್ದು ಬಂತು, 2024ರಲ್ಲಿ ಮತ್ತೆ ಮೂರು ವರ್ಷದ್ದೇ ಬಂತು, ಒಂದೇ ಮನೇಲಿ ಅಣ್ಣಂದು ಒಂದು ಸ್ಕೀಮು ತಮ್ಮಂದು ಒಂದು ಸ್ಕೀಮು, ಹಳೇ ಪೇಪರ್ ಉಳಿಸಿಕೊಂಡೋರಿಗೆ ಮುಂದೆ ಏನು ಗತಿ ಅನ್ನೋದು ಇಂಥ ಸಭೆಗಳಲ್ಲೇ ತೀರ್ಮಾನ ಆಗಬೇಕು.

ಸಿಂಡಿಕೇಟಿಗೆ ಕಾರ್ಯದರ್ಶಿ ಆಗಿರೋದು ರಿಜಿಸ್ಟ್ರಾರ್. ಅವರಲ್ಲಿ ನನ್ನ ಕೋರಿಕೆ ಇಷ್ಟು, ಸಭೆಗೆ ಒಂದು ವಾರ ಮುಂಚೆ ಅಜೆಂಡಾ, ಸಭೆ ಆದ ವಾರದೊಳಗೆ ತೀರ್ಮಾನಗಳನ್ನ ಎಲ್ಲರಿಗೂ ಅರ್ಥ ಆಗೋ ಕನ್ನಡದಲ್ಲಿ ವೆಬ್‌ಸೈಟಿಗೆ ಹಾಕಿಸಿ, ಸ್ಕ್ಯಾನ್ ಮಾಡಿದ ಮಸುಕು ಪಿಡಿಎಫ್ ಬೇಡ. ಪ್ರತಿ ಕಾಲೇಜಲ್ಲಿ ಸಿಂಡಿಕೇಟ್ ತೀರ್ಮಾನಕ್ಕೇ ಅಂತ ಬೇರೆ ಬೋರ್ಡ್ ಇರಲಿ. ಪರೀಕ್ಷೆ ಅವಕಾಶದಂಥ ವಿಷಯ ಆದ್ರೆ ಅರ್ಜಿ ಹಾಕಬೇಕಾದ ಮಕ್ಕಳ ಮೊಬೈಲಿಗೆ ಮೆಸೇಜ್ ಕಳಿಸಿ, ಅವರ ನಂಬರ್ ಅಡ್ಮಿಷನ್ ಟೈಮಲ್ಲೇ ತಗೊಂಡಿರ್ತೀರಲ್ಲ. ಮತ್ತೆ ಸುತ್ತೋಲೆ ಕಾಲೇಜಿನ ಬೋರ್ಡಿಗೆ ಬಿದ್ದ ದಿನದಿಂದ ಕಡೇಪಕ್ಷ ಒಂದು ತಿಂಗಳು ಫೀಸ್ ಕಟ್ಟೋಕೆ ಟೈಮ್ ಕೊಡಿ.

- ಒಬ್ಬ ಓದುಗ, ಚಿಂತಾಮಣಿ