ತಾತನ ಉಸ್ತಾದರು ಯಾರು?

ಕಳೆದ ತಿಂಗಳು ಮಗಳನ್ನು ಕರಾಟೆ ಕ್ಲಾಸಿಗೆ ಬಿಡಲು ಹೋಗಿದ್ದೆ. ಗೋಡೆಯ ಮೇಲೆ ಗಿಚಿನ್ ಫುನಾಕೋಶಿ ಅವರ ಫೋಟೊ. ಅವರು ಒಕಿನಾವಾದ ಮೇಷ್ಟ್ರು, 1922ರಲ್ಲಿ ಟೋಕಿಯೋಗೆ ಹೋಗಿ ಅಲ್ಲಿನವರಿಗೆ ಕರಾಟೆ ತೋರಿಸಿದವರು. ಮಕ್ಕಳು ಸಾಲಾಗಿ ನಿಂತು ಆ ಫೋಟೊಗೆ ತಲೆಬಾಗಿದ ಮೇಲೇ ಪಾಠ ಶುರು. ಗುರುವಿನ ಗುರು ಯಾರು, ಅವರ ಗುರು ಯಾರು, ಎಲ್ಲ ಮಗಳ ಬಾಯಲ್ಲೇ ಇದೆ. ಮನೆಗೆ ಬರುವಾಗ ಕೇಳಿದಳು: "ಅಪ್ಪ, ಮುತ್ತಾತ ಕುಸ್ತಿ ಆಡ್ತಿದ್ರು ಅಂತೀಯಲ್ಲ, ಅವರಿಗೆ ಕಲಿಸಿದ್ದು ಯಾರು?"

ನನಗೆ ಗೊತ್ತಿರಲಿಲ್ಲ. ತುಂಬಾ ನಾಚಿಕೆಯಾಯಿತು.

ತಾತ ಮೈಸೂರಿನ ಗರಡಿಯಲ್ಲಿ ಬೆಳೆದವರು. ಚಿಕ್ಕಂದಿನಲ್ಲಿ ನನ್ನನ್ನೂ ಎರಡು ಮೂರು ಸಲ ಕರೆದೊಯ್ದಿದ್ದರು. ಬಗ್ಗಿಯೇ ಒಳಗೆ ಹೋಗಬೇಕಾದ ಪುಟ್ಟ ಬಾಗಿಲು. ಎಣ್ಣೆ, ಮಜ್ಜಿಗೆ, ಅರಿಸಿನ ಕಲೆಸಿದ ಕೆಮ್ಮಣ್ಣಿನ ವಾಸನೆ. ಗೋಡೆಯಲ್ಲಿ ಹನುಮಂತನ ಪಟ, ಅದರ ಪಕ್ಕದಲ್ಲಿ ಪೇಟ ಕಟ್ಟಿದ ಒಬ್ಬರ ಫೋಟೊ. ತಾತ ಮಟ್ಟಿಯ, ಅಂದರೆ ಕುಸ್ತಿ ಆಡುವ ಕಣದ, ಮಣ್ಣನ್ನು ಹಣೆಗೆ ಮುಟ್ಟಿಸಿ, ಎರಡಕ್ಕೂ ಕೈಮುಗಿದು, ಆಮೇಲೆ ಸಾಮು ಶುರು ಮಾಡುತ್ತಿದ್ದರು. ಆ ಪೇಟದವರು ಯಾರು ಅಂತ ನಾನು ಒಂದು ಸಲವೂ ಕೇಳಲಿಲ್ಲ.

ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ ನೋಡಿದವರು ನಮ್ಮಲ್ಲಿ ಅನೇಕರಿದ್ದೀರಿ. ತಲೆ ಬೋಳಿಸಿಕೊಂಡ ಜೆಟ್ಟಿಗಳು ಬೆರಳಿಗೆ ಮೊನಚಾದ ವಜ್ರಮುಷ್ಟಿ ತೊಟ್ಟು ಇಳಿಯುತ್ತಾರೆ, ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಕಾಳಗ ಮುಗಿಯುತ್ತದೆ. ಜೆಟ್ಟಿಗಳ ವಿದ್ಯೆ ಮನೆತನದಲ್ಲಿ ಬಂದದ್ದು, ಅಪ್ಪನಿಂದ ಮಗನಿಗೆ. ಗರಡಿಯಲ್ಲಿ ಹಾಗಲ್ಲ. ತಾತನ ಗರಡಿಯಲ್ಲಿ ಹಿಂದೂ, ಮುಸ್ಲಿಂ ಹುಡುಗರು ಒಂದೇ ಮಟ್ಟಿಯಲ್ಲಿ ಹೊರಳಾಡಿದವರು. ಕಲಿಸುವವರನ್ನು ಕರೆಯುವುದು ಪಾರಸಿ ಮಾತಿನಲ್ಲಿ, 'ಉಸ್ತಾದ್' ಅಂತ. ಕೈಮುಗಿಯುವುದು ಹನುಮಂತನಿಗೆ. ನಮ್ಮ ಮೈಸೂರಿನ ಬಗ್ಗೆ ನನಗೆ ಜಾಸ್ತಿ ಹೆಮ್ಮೆ ಇರುವುದು ಇದಕ್ಕೇ.

ಅವತ್ತು ರಾತ್ರಿಯೇ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ತಾತ ಯಾವ ಪಟ್ಟಿನಲ್ಲಿ ಗಟ್ಟಿ, ಎದುರಾಳಿಯ ಮಣಿಕಟ್ಟನ್ನು ಹೇಗೆ ಹಿಡಿಯುತ್ತಿದ್ದರು, ಎಲ್ಲ ಅವರಿಗೆ ನೆನಪಿದೆ. ಆ ಹಿಡಿತ ಉಸ್ತಾದರು ಕೊಟ್ಟದ್ದಂತೆ. ಹೆಸರು ಕೇಳಿದರೆ, "ದೊಡ್ಡ ಉಸ್ತಾದರು ಅಂತಲೇ ಎಲ್ಲರೂ ಕರೀತಿದ್ವಿ ಕಣಪ್ಪ" ಅಂದರು. ಒಂದು ಮಳೆಗಾಲ ಗರಡಿಯ ಸೂರು ಸೋರಿ ಆ ಫೋಟೊ ಕೂಡ ಹಾಳಾಯಿತಂತೆ.

ನಮ್ಮ ಪತ್ರಿಕೆಯ ದಸರಾ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಬಿಟ್ಟಿದ್ದೇನೆ. ನಿಮ್ಮ ಮನೆಯಲ್ಲೂ ಗರಡಿಗೆ ಹೋದವರು ಇದ್ದಾರಲ್ವಾ? ಈ ಭಾನುವಾರ ಊರಿಗೆ ಫೋನ್ ಮಾಡಿ. ಯಾವ ಗರಡಿ, ಯಾರು ಕಲಿಸಿದರು, ಅವರಿಗೆ ಯಾರು ಕಲಿಸಿದರು ಅಂತ ಕೇಳಿ ಬರೆದು ಕಳಿಸಿ. ಫೋಟೊ ಇದ್ದರೆ, ಮೊದಲು ಅದರ ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆದಿಡಿ.